ಪಿಯಾನೊ: ಅದರ ರಚನೆ, ಅದರ ನಾದ, ಕಡಲತಡಿಯಲ್ಲಿ ಅದರ ಪಾಲನೆ

ಶಾಲೆಯ ಸಭಾಗೃಹದಲ್ಲಾಗಲಿ ದೇವಾಲಯದಲ್ಲಾಗಲಿ ಪಿಯಾನೊ ಎಂಬ ವಾದ್ಯವನ್ನು ಕಂಡವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಆದರೆ ಅದರ ಮುಚ್ಚಳದೊಳಗೆ ಏನಿದೆ, ಬೆರಳಿನ ಒತ್ತು ನಾದವಾಗುವ ಬಗೆ ಯಾವದು ಎಂಬದನ್ನು ವಿಚಾರಿಸಿದವರು ವಿರಳ. ಮಲ್ಪೆಯಂಥ ಕಡಲತಡಿಯ ಊರಿನಲ್ಲಿ ಈ ವಾದ್ಯವು ಬಾಳಬೇಕಾದರೆ ಇದನ್ನು ತಿಳಿದುಕೊಳ್ಳುವದು ಅಗತ್ಯ. ಆದಕಾರಣ ಪೂರ್ವ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಉಪಯೋಗವಾಗುವಂತೆ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಹೊರನೋಟಕ್ಕೆ ಪಿಯಾನೊ ಹಾರ್ಮೋನಿಯಮ್ಮಿನ ಹಿರಿಯಕ್ಕನಂತೆ ಕಾಣುವದು. ಎರಡಕ್ಕೂ ಬಿಳಿ ಮತ್ತು ಕಪ್ಪು ಮನೆಗಳುಂಟು. ಆದರೆ ಒಳಗಿನ ರೀತಿ ಬೇರೆ. ಹಾರ್ಮೋನಿಯಮ್ಮು ಗಾಳಿಯಿಂದ ನುಡಿಯುವದು. ಪಿಯಾನೊ ತಂತಿಯಿಂದ ನುಡಿಯುವದು. ಮನೆಯನ್ನು ಒತ್ತಿದೊಡನೆ ಉಣ್ಣೆಯ ಮೆತ್ತೆ ಹೊದಿಸಿದ ಒಂದು ಸಣ್ಣ ಸುತ್ತಿಗೆಯು ಹಾರಿ ತಂತಿಯನ್ನು ಬಡಿದು, ಆ ಕ್ಷಣವೇ ಹಿಂದಕ್ಕೆ ಬೀಳುವದು. ಹಿಂದಕ್ಕೆ ಬೀಳದೆ ಅಲ್ಲಿಯೇ ನಿಂತರೆ ನಾದವು ಹುಟ್ಟುವಾಗಲೇ ಅಡಗಿಹೋಗುವದು. ತಂತಿಯ ಕಂಪನವು ಹಿಂಬದಿಯ ತೆಳ್ಳನೆಯ ಮರದ ಹಲಗೆಗೆ ಹರಡಿ ದೊಡ್ಡದಾಗುವದು. ಈ ಹಲಗೆಯೇ ವಾದ್ಯದ ಎದೆ ಎನ್ನಬಹುದು. ಬೆರಳನ್ನು ತೆಗೆದ ಕೂಡಲೇ ಮತ್ತೊಂದು ಮೆತ್ತೆಯು ತಂತಿಯ ಮೇಲೆ ಕುಳಿತು ನಾದವನ್ನು ನಿಲ್ಲಿಸುವದು. ಬಲಗಾಲಿನ ಪೆಡಲನ್ನು ಮೆಟ್ಟಿದರೆ ಈ ಮೆತ್ತೆಗಳೆಲ್ಲಾ ಒಮ್ಮೆಗೆ ಮೇಲೆದ್ದು, ಸ್ವರಗಳು ಒಂದರೊಡನೊಂದು ಬೆರೆತು ಮೊಳಗುವವು.

ಈಗಿನ ಪೂರ್ಣ ಪ್ರಮಾಣದ ಪಿಯಾನೊದಲ್ಲಿ 52 ಬಿಳಿ, 36 ಕಪ್ಪು, ಒಟ್ಟು 88 ಮನೆಗಳಿರುತ್ತವೆ. ತಂತಿಗಳು ಸುಮಾರು 230. ಅವೆಲ್ಲವುಗಳ ಎಳೆತವು ಸೇರಿ ಸುಮಾರು 18ರಿಂದ 20 ಟನ್ನುಗಳಷ್ಟಾಗುವದು. ಇಷ್ಟು ಭಾರವನ್ನು ಬರೀ ಮರವು ತಾಳಲಾರದು. ಆದುದರಿಂದ ಒಳಗೆ ಎರಕದ ಕಬ್ಬಿಣದ ಚೌಕಟ್ಟು ಇರುವದು. ಅಮೇರಿಕದ ಆಲ್ಫಿಯಸ್ ಬ್ಯಾಬ್‌ಕಾಕ್ ಎಂಬವನು 1825ರಲ್ಲಿ ಅಂಥ ಅಖಂಡ ಚೌಕಟ್ಟಿಗೆ ಹಕ್ಕುಪತ್ರವನ್ನು ಪಡೆದನು.

ವಾದ್ಯವನ್ನು ಮೊದಲು ನಿರ್ಮಿಸಿದವನು ಇಟಲಿಯ ಬಾರ್ತೊಲೊಮಿಯೊ ಕ್ರಿಸ್ತೊಫೊರಿ. ಇವನು ಫ್ಲಾರೆನ್ಸ್ ಪಟ್ಟಣದಲ್ಲಿ ಮೆಡಿಚಿ ಅರಸುಮನೆತನದ ಸೇವೆಯಲ್ಲಿದ್ದನು. ಆ ಕಾಲದ ಹಾರ್ಪ್ಸಿಕಾರ್ಡ್ ವಾದ್ಯದಲ್ಲಿ ತಂತಿಯನ್ನು ಮೀಟಲಾಗುತ್ತಿತ್ತು. ಮನೆಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಧ್ವನಿಯು ಬಹುಮಟ್ಟಿಗೆ ಒಂದೇ ಆಗಿತ್ತು. ಕ್ರಿಸ್ತೊಫೊರಿಯು 1700ರ ಸುಮಾರಿಗೆ ಮೀಟುವ ಬದಲು ಬಡಿಯುವ ಉಪಾಯವನ್ನು ಕಂಡುಹಿಡಿದನು. ಇಟಾಲಿಯ ಭಾಷೆಯಲ್ಲಿ ‘ಪಿಯಾನೊ’ ಎಂದರೆ ಮೆಲ್ಲಗೆ, ‘ಫೋರ್ಟೆ’ ಎಂದರೆ ಗಟ್ಟಿಯಾಗಿ. ಎರಡನ್ನೂ ಬಲ್ಲ ವಾದ್ಯವಾದ್ದರಿಂದ ‘ಪಿಯಾನೊಫೋರ್ಟೆ’ ಎಂಬ ಹೆಸರಾಯಿತು. ಬಳಕೆಯಲ್ಲಿ ‘ಪಿಯಾನೊ’ ಮಾತ್ರ ಉಳಿಯಿತು. ಅವನ ಕೈಯ ಮೂರು ಪಿಯಾನೊಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಹಳೆಯದಾದ 1720ರ ವಾದ್ಯವು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ.

ಸ್ವರಗಳ ಏರ್ಪಾಡನ್ನೂ ತಿಳಿಯಬೇಕು. ಮೇಲಿನ ಷಡ್ಜದ ಕಂಪನಸಂಖ್ಯೆಯು ಕೆಳಗಿನ ಷಡ್ಜದ್ದಕ್ಕಿಂತ ಎರಡರಷ್ಟು. ಇವೆರಡರ ನಡುವಣ ಅಂತರವನ್ನು ಪಿಯಾನೊದಲ್ಲಿ 12 ಸಮಪಾಲುಗಳಾಗಿ ಹಂಚಲಾಗಿದೆ: 7 ಬಿಳಿ, 5 ಕಪ್ಪು. ಈ ಮನೆಗಳ ಎಣಿಕೆಯು ಹಾರ್ಮೋನಿಯಮ್ಮಿನ ಮೂಲಕ ನಮ್ಮ ಯಕ್ಷಗಾನದ ಚೌಕಿಯನ್ನೂ ಹೊಕ್ಕಿದೆ. ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂದು ಭಾಗವತರು ತಮ್ಮ ಶ್ರುತಿಯನ್ನು ಹೇಳುವಾಗ ಅವರು ಎಣಿಸುವದು ಈ ಮನೆಗಳನ್ನೇ.

ಆದರೂ ಈ ಏರ್ಪಾಡಿಗೆ ಒಂದು ಮಿತಿಯುಂಟು. ವೀಣೆಯಲ್ಲಿ ತಂತಿಯನ್ನು ಎಳೆದು ಸ್ವರದಿಂದ ಸ್ವರಕ್ಕೆ ಜಾರಬಹುದು. ಪಿಯಾನೊದಲ್ಲಿ ಹಾಗೆ ಜಾರಲು ಎಡೆಯಿಲ್ಲ. ನಮ್ಮ ರಾಗಗಳ ಪ್ರಾಣವಾದ ಗಮಕವು ಅದಕ್ಕೆ ದಕ್ಕದು. ಸ್ಥಿರವಾದ ಮನೆಗಳುಳ್ಳ ಹಾರ್ಮೋನಿಯಮ್ಮಿನ ಮೇಲೂ ಇದೇ ಆಕ್ಷೇಪಣೆ ಬಂದು, 1940ರಲ್ಲಿ ಅಖಿಲ ಭಾರತ ರೇಡಿಯೋದವರು ಅದನ್ನು ಪ್ರಸಾರದಿಂದ ಹೊರಗಿಟ್ಟರು. ಆ ನಿಷೇಧವು ಸಡಿಲಾದದ್ದು 1971ರಲ್ಲಿ. ಹಾಗಾದರೆ ಪಿಯಾನೊ ಕಲಿತವರು ನಮ್ಮ ಸಂಗೀತದಿಂದ ದೂರವಾಗುವರೋ? ಇಲ್ಲವೆಂಬದಕ್ಕೆ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರವರೇ (1919–1974) ಸಾಕ್ಷಿ. ಅವರು ಚಿಕ್ಕಂದಿನಿಂದ ಪಿಯಾನೊ ಅಭ್ಯಾಸ ಮಾಡಿದವರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಸದಸ್ಯತ್ವವನ್ನು ಪಡೆದರು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸುವದಕ್ಕೆ 1940ರ ದಶಕದ ಕೊನೆಯಲ್ಲಿ ಧನಸಹಾಯವಿತ್ತರು. ಮೆಟ್ನರನು ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದನು. ಅದೇ ಅರಸರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಒಂದು ಕಲೆಯ ಆಸಕ್ತಿಯು ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ.

ಗಮಕವಿಲ್ಲದ ಈ ವಾದ್ಯಕ್ಕೆ ಬೇರೊಂದು ಸಂಪತ್ತುಂಟು: ಹಲವು ಸ್ವರಗಳನ್ನು ಏಕಕಾಲದಲ್ಲಿ ನುಡಿಸುವದು. ಎಡಗೈ ಒಂದನ್ನು, ಬಲಗೈ ಇನ್ನೊಂದನ್ನು ಹೇಳುತ್ತಿರುವಾಗ ಕಿವಿಯು ಎರಡನ್ನೂ ಕೇಳಬೇಕು. ಮಕ್ಕಳಿಗೆ ಈ ಶಿಕ್ಷಣವು ಬಹು ಬೆಲೆಯುಳ್ಳದ್ದು. ಜರ್ಮನಿಯ ರಾಬರ್ಟ್ ಶೂಮನ್ 1848ರಲ್ಲಿ ತನ್ನ ಹಿರಿಯ ಮಗಳ ಏಳನೆಯ ಹುಟ್ಟುಹಬ್ಬಕ್ಕಾಗಿ ಕೆಲವು ಸಣ್ಣ ರಚನೆಗಳನ್ನು ಬರೆಯತೊಡಗಿ, ಅದನ್ನೇ ‘ಎಳೆಯರ ಸಂಪುಟ’ವಾಗಿ ಬೆಳೆಸಿದನು, ಕಲಿಯುವ ಮಕ್ಕಳು ಇಂದಿಗೂ ಅದನ್ನು ನುಡಿಸುತ್ತಾರೆ. ಅವನ ಪತ್ನಿ ಕ್ಲಾರಾ ಶೂಮನ್ (1819–1896) ಒಂಬತ್ತನೆಯ ವಯಸ್ಸಿನಲ್ಲಿ ಸಭೆಯ ಮುಂದೆ ನುಡಿಸಿದವಳು. ಗಂಡನು 1856ರಲ್ಲಿ ತೀರಿಕೊಂಡ ಬಳಿಕ ದೇಶದೇಶಗಳಲ್ಲಿ ಕಚೇರಿ ನಡಿಸಿ ತನ್ನ ಮಕ್ಕಳನ್ನು ಸಾಕಿದಳು. 1878ರಿಂದ ಫ್ರಾಂಕ್‌ಫರ್ಟಿನ ಸಂಗೀತ ಶಾಲೆಯಲ್ಲಿ ಉಪಾಧ್ಯಾಯಿನಿಯಾದಳು. ಹೆಣ್ಣುಮಕ್ಕಳಿಗೆ ಸಂಗೀತವು ಬರೀ ಅಲಂಕಾರವೆಂದು ಭಾವಿಸುವವರು ಈ ಜೀವನವನ್ನು ನೆನೆಯುವದು ಒಳ್ಳೆಯದು.

ಇನ್ನು ನಮ್ಮ ಕಡಲತಡಿಯ ಮಾತು. ಪಿಯಾನೊ ಎಂದರೆ ಮರ, ಕಬ್ಬಿಣ, ಉಣ್ಣೆ. ಮಲ್ಪೆಯ ಗಾಳಿಯಲ್ಲಿರುವದು ಉಪ್ಪು ಮತ್ತು ತೇವ. ಉಪ್ಪು ತಂತಿಗಳಿಗೂ ಬಿರಡೆಗಳಿಗೂ ತುಕ್ಕು ಹಿಡಿಸುವದು. ಜೂನಿನಿಂದ ಸಪ್ಟೆಂಬರಿನ ತನಕ ಮಳೆ ಹೊಯ್ಯುವಾಗ ನಾದದ ಹಲಗೆಯು ತೇವವನ್ನು ಕುಡಿದು ಉಬ್ಬಿ ತಂತಿಗಳನ್ನು ಬಿಗಿಯುವದರಿಂದ ಶ್ರುತಿ ಏರುವದು. ಬೇಸಗೆಯಲ್ಲಿ ಅದು ಕುಗ್ಗಿ ಶ್ರುತಿ ಇಳಿಯುವದು. ಉಣ್ಣೆಯ ಪಟ್ಟಿಗಳು ಉಬ್ಬಿ, ಒತ್ತಿದ ಮನೆಯು ಮೇಲೇಳದೆ ಅಂಟಿಕೊಳ್ಳುವದು. ಉಣ್ಣೆಯನ್ನು ನುಸಿ ತಿನ್ನುವದು. ಮರಕ್ಕೆ ಗೆದ್ದಲಿನ ಭಯ.

ಆದಕಾರಣ ವಾದ್ಯವನ್ನು ಮಳೆನೀರು ಬಡಿಯುವ ಹೊರಗೋಡೆಗಾಗಲಿ ಕಡಲ ಕಡೆಯ ಕಿಟಿಕಿಗಾಗಲಿ ತಾಗಿಸಿಡಬಾರದು. ನೇರ ಬಿಸಿಲಿಗೂ ಒಡ್ಡಬಾರದು. ಅದರ ಮೇಲೆ ಹೂದಾನಿಯನ್ನಿಡಬಾರದು. ಮಳೆಗಾಲದಲ್ಲಿ ಒಳಗನ್ನು ಒಣಗಿಸಲು ಇದಕ್ಕೆಂದೇ ತಯಾರಾದ, ಮಂದವಾಗಿ ಕಾಯುವ ವಿದ್ಯುತ್ ಸಲಾಕೆಯನ್ನು ಬಲ್ಲವರಿಂದ ಹಾಕಿಸಬಹುದು. ವರ್ಷಕ್ಕೆ ಎರಡು ಸಾರಿಯಾದರೂ ಶ್ರುತಿ ಕೂಡಿಸತಕ್ಕದ್ದು. ಮಳೆಗಾಲ ಮುಗಿದು ಗಾಳಿಯು ಒಣಗಿದ ಮೇಲೆ ಅದನ್ನು ಮಾಡಿಸುವದು ಉತ್ತಮ.

ಎಲ್ಲಕ್ಕಿಂತ ಮುಖ್ಯವಾದದ್ದು, ದಿನವೂ ನುಡಿಸುವದು. ನುಡಿಸುವದರಿಂದ ತೇವವು ಹೋಗದು ನಿಜ. ಆದರೆ ಒಂದು ಮನೆ ಅಂಟಿದರೆ, ಒಂದು ತಂತಿ ಸಡಿಲಾದರೆ, ನುಡಿಸುವವಳಿಗೆ ಅದೇ ದಿನ ತಿಳಿಯುವದು. ದೋಷವು ಚಿಕ್ಕದಿರುವಾಗಲೇ ಸರಿಪಡಿಸಬಹುದು. ಬೀಗ ಹಾಕಿದ ಪಿಯಾನೊದಲ್ಲಿ ನುಸಿಯೂ ತುಕ್ಕೂ ಯಾರ ಕಣ್ಣಿಗೂ ಬೀಳದೆ ಕೆಲಸ ಮುಗಿಸುವವು. ಹಾಳಾಗಬಾರದೆಂದು ಮಕ್ಕಳ ಕೈಯಿಂದ ದೂರವಿಟ್ಟ ವಾದ್ಯವು ಆ ಕಾಪಿನಿಂದಲೇ ಹಾಳಾಗುವದುಂಟು.

ಮನೆಯಲ್ಲಿ ಇಂಥ ವಾದ್ಯವನ್ನಿಡಲು ಅನುಕೂಲವಿಲ್ಲದ ತಾಯಿತಂದೆಗಳು ಎದೆಗುಂದಬೇಕಾಗಿಲ್ಲ. ಈಗ ದೊರೆಯುವ ವಿದ್ಯುತ್ ಪಿಯಾನೊಗಳಿಗೆ ತಂತಿಯಿಲ್ಲವಾದ್ದರಿಂದ ಶ್ರುತಿ ಕೂಡಿಸುವ ಚಿಂತೆಯಿಲ್ಲ; ಒತ್ತಿದಾಗ ಬೆರಳಿಗೆ ತಕ್ಕ ಭಾರವನ್ನು ಕೊಡುವ 88 ಮನೆಗಳದ್ದನ್ನು ಆರಿಸಿದರೆ ಅಭ್ಯಾಸಕ್ಕೆ ಸಾಲುವದು. ಶಾಲೆಯಲ್ಲಿಯೋ ದೇವಾಲಯದಲ್ಲಿಯೋ ಹಳೆಯ ಪಿಯಾನೊ ಇದ್ದರೆ, ಅದನ್ನು ಕಲಿತ ಪೂರ್ವ ವಿದ್ಯಾರ್ಥಿನಿಯರು ವಾರಕ್ಕೊಂದು ಗಂಟೆ ಬಂದು, ಅದರ ಮುಚ್ಚಳವನ್ನು ತೆರೆದು, ಒಬ್ಬಿಬ್ಬರು ಚಿಕ್ಕವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಹಣದಿಂದ ತಂತಿಯನ್ನು ಹೊಸದಾಗಿ ಹಾಕಿಸಬಹುದು. ನುಡಿಸುವ ಕೈಗಳನ್ನು ಮಾತ್ರ ಕಲಿತವರೇ ತಯಾರಿಸಬೇಕು.