ಹಲಗಿ, ದುಡಿ ಮತ್ತು ವಾ-ವಾ ಗಿಟಾರು

ಕಥೆ ಮರೆತರೂ ಬಿಜಿಎಂ ಮರೆಯೋದಿಲ್ಲ. ಇದು ಹಾಸ್ಟೆಲ್‌ನಲ್ಲಿ ಎಲ್ಲ ಬ್ರಾಂಚಿನವರೂ ಒಪ್ಪುವ ಮಾತು. ಹೀರೋ ಕಾರಿನಿಂದ ಇಳಿದಾಗ ಒಂದು, ವಿಲನ್ ನಕ್ಕಾಗ ಇನ್ನೊಂದು. ಅದೂ ಚಲೋನೇ. ಆದರೆ ಅಲ್ಲಿ ಸಂಗೀತ, ತೆರೆಯ ಮೇಲೆ ಕಾಣೋದನ್ನೇ ಇನ್ನಷ್ಟು ಜೋರಾಗಿ ಹೇಳ್ತದೆ, ಅಷ್ಟೇ. ಪಾತ್ರದ ಬಾಯಿಂದ ಬರಲಾರದ್ದನ್ನು ಸಂಗೀತವೇ ಹೇಳುವ ಸಿನಿಮಾಗಳು ಬೇರೆ ಇವೆ. 1970ರ ದಶಕದಲ್ಲಿ ಅಮೆರಿಕದ ಕಪ್ಪು ಜನ ಅಂಥವನ್ನು ಮಾಡಿದರು. ಅದೇ ಹೊತ್ತಿಗೆ ಕನ್ನಡದಲ್ಲೂ ಒಂದು ಬಂತು.

ಮೊದಲು ಅಮೆರಿಕದ್ದು. ಹಾಲಿವುಡ್ ಬಹಳ ಕಾಲ ಕಪ್ಪು ನಟರಿಗೆ ಕೊಡ್ತಿದ್ದದ್ದು ಹೆಚ್ಚಾಗಿ ಮನೆಯಾಳಿನ ಪಾತ್ರ. 1971ರಲ್ಲಿ ಗಾರ್ಡನ್ ಪಾರ್ಕ್ಸ್ ನಿರ್ದೇಶಿಸಿದ 'ಶಾಫ್ಟ್' ಬಂತು. ಕಪ್ಪು ಪತ್ತೇದಾರನೊಬ್ಬ ನ್ಯೂಯಾರ್ಕಿನ ಟ್ರಾಫಿಕ್ ನಡುವೆ, ಯಾರಿಗೂ ತಲೆ ಬಾಗಿಸದೆ ನಡೆದು ಬರ್ತಾನೆ. ಹಿಂದೆ ಐಸಾಕ್ ಹೇಯ್ಸ್‌ನ ಸಂಗೀತ, ಅದರೊಳಗೆ ವಾ-ವಾ ಗಿಟಾರು. ಇಸಿ ಗೆಳೆಯರಿಗೆ ಗೊತ್ತಿರಲಿ, ವಾ-ವಾ ಅಂದರೆ ಒಂದು ಬ್ಯಾಂಡ್‌ಪಾಸ್ ಫಿಲ್ಟರ್. ಪೆಡಲ್ ತುಳಿದಂತೆ ಅದರ ಪೀಕ್ ಫ್ರೀಕ್ವೆನ್ಸಿ ಮೇಲೆ ಕೆಳಗೆ ಸರೀತದೆ. ನಾವು ಬಾಯಿ ತೆರೆದು ಮುಚ್ಚಿದಾಗ 'ಅ' ಹೋಗಿ 'ಉ' ಆಗೋದೂ ಹೆಚ್ಚುಕಡಿಮೆ ಹೀಗೇ. ಅದಕ್ಕೇ ಆ ಗಿಟಾರು ಮಾತಾಡಿದಂಗ ಕೇಳ್ತದೆ. ಈ ಹಾಡಿಗೆ 1972ರಲ್ಲಿ ಆಸ್ಕರ್ ಬಂತು.

ನಮಗೆ ಅದಕ್ಕಿಂತ ಹಿಡಿಸಿದ್ದು 'ಸೂಪರ್ ಫ್ಲೈ' (1972). ಕೊಕೇನ್ ಮಾರುವವನ ಕಥೆ. ಕ್ಯಾಮೆರಾ ಅವನ ಕಾರು, ಕೋಟು ಎಲ್ಲಾ ಹೊಳೆಯುವಂತೆ ತೋರಿಸ್ತದೆ. ಕರ್ಟಿಸ್ ಮೇಫೀಲ್ಡ್‌ನ ಹಾಡುಗಳು ಮಾತ್ರ ಆ ದಂಧೆಯಲ್ಲಿ ಸತ್ತವರನ್ನು ನೆನೀತಾವೆ. ಚಿತ್ರ ಒಂದು ಕಡೆ ಎಳೆದರೆ ಹಾಡು ಇನ್ನೊಂದು ಕಡೆ. ಒಂದೇ ಸಿನಿಮಾದೊಳಗೆ ಇಂಥ ಜಗಳ ಕೇಳೋದು ಅಪರೂಪ ನೋಡ್ರಿ.

ಈಗ ಕನ್ನಡಕ್ಕೆ ಬರೋಣ. 1972ರಲ್ಲಿ ಮುಂಬೈಯ ದಲಿತ ತರುಣರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರನ್ನೇ ತಗೊಂಡು ದಲಿತ್ ಪ್ಯಾಂಥರ್ಸ್ ಕಟ್ಟಿದರು. ಕರ್ನಾಟಕದಲ್ಲೂ ದಲಿತ ಚಳವಳಿ ಏಳ್ತಿತ್ತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ. 'ಚೋಮನ ದುಡಿ' ಸಿನಿಮಾ ಬಂದದ್ದೂ ಅದೇ ವರ್ಷ. ಶಿವರಾಮ ಕಾರಂತರ ಕಾದಂಬರಿ 1933ರದ್ದು. ಸಿನಿಮಾ ಮಾಡಿದವರು ಬಿ.ವಿ. ಕಾರಂತರು, ಸಂಗೀತವೂ ಅವರದೇ. ಆ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಚೋಮನಾಗಿದ್ದ ಎಂ.ವಿ. ವಾಸುದೇವ ರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ.

ಚೋಮನ ಆಸೆ ಒಂದೇ, ತುಂಡು ಭೂಮಿ ಬೇಸಾಯ ಮಾಡಬೇಕು. ಎತ್ತಿನ ಜೋಡಿ ಇದೆ. ಆದರೆ ಅವನ ಜಾತಿಯವರು ಬೇಸಾಯ ಮಾಡುವ ಹಾಗಿಲ್ಲ. ಒಡೆಯರ ಮುಂದೆ ಅವನು ಹೆಚ್ಚು ಮಾತಾಡೋದಿಲ್ಲ. ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಿ ಎತ್ತುವವರು ಇಲ್ಲ, ಆಗಲೂ ಅವನಿಗೆ ದೊಡ್ಡ ಡೈಲಾಗ್ ಇಲ್ಲ. ಗುಡಿಸಲಿಗೆ ಬಂದು ದುಡಿ ಬಡೀತಾನೆ. ಸಿಟ್ಟಿಗೂ ಅದೇ, ದುಃಖಕ್ಕೂ ಅದೇ, ಕುಡಿದ ಖುಷಿಗೂ ಅದೇ. ಕೊನೆಗೆ ಬಾಗಿಲು ಹಾಕ್ಕೊಂಡು ಸಾಯುವ ತನಕ ಬಡೀತಾನೆ. ಇದನ್ನು ದಯವಿಟ್ಟು ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡ್ರಿ. ಅಷ್ಟು ಸಣ್ಣ ಸ್ಪೀಕರಿಗೆ ಕೆಳಗಿನ ಫ್ರೀಕ್ವೆನ್ಸಿ ಎತ್ತೋಕಾಗಲ್ಲ, ದುಡಿಯ ಅರ್ಧ ಜೀವ ಅಲ್ಲೇ ಹೋಗ್ತದೆ.

ದುಡಿ ಕರಾವಳಿ ಕಡೆಯದು, ನಡು ಸಣ್ಣದಾದ ವಾದ್ಯ. ನಮ್ಮ ಬಾಗಲಕೋಟೆ, ಬಾದಾಮಿ ಕಡೆಗೆ ಹಲಗಿ. ಚರ್ಮದ ಹಲಗಿಯನ್ನು ಬಡಿಯುವ ಮೊದಲು ಬೆಂಕಿಗೆ ಹಿಡಿದು ಕಾಸ್ತಾರೆ. ತೇವ ಆರಿದಾಗ ಚರ್ಮ ಹಗುರ ಆಗ್ತದೆ, ಬಿಗೀತದೆ. ಬಿಗಿತ ನಾಲ್ಕು ಪಟ್ಟಾದರೆ ಫ್ರೀಕ್ವೆನ್ಸಿ ಎರಡು ಪಟ್ಟು, ವೈಬ್ರೇಷನ್ಸ್ ಪೇಪರಿನ ಅದೇ ವರ್ಗಮೂಲ. ಯಾವ ಪುಸ್ತಕವೂ ಇಲ್ಲದೆ, ಕಿವಿಯ ಮೇಲೇ ಇದನ್ನು ತಲೆಮಾರುಗಳಿಂದ ಮಾಡ್ಕೊಂಡು ಬಂದವರಿದ್ದಾರೆ. ಹೋಳಿಯೊಳಗ ಬಾಗಲಕೋಟೆಯ ಪೇಟೆಪೇಟೆಗಳಲ್ಲಿ ಎಲ್ಲ ಜಾತಿಯವರೂ ಹಲಗಿ ಹಿಡೀತಾರೆ. ಹಬ್ಬ ಮುಗಿದ ಮೇಲೆ ಹೆಣದ ಮುಂದೆ ಬಡಿಯೋಕೆ ಮಾತ್ರ ಒಂದೇ ಕೇರಿಗೆ ಕರೆ ಹೋಗ್ತದೆ.

ಇಲ್ಲೇ ನಮಗೊಂದು ತಕರಾರು. 'ಶಾಫ್ಟ್' ಮಾಡಿದವನೂ ಕಪ್ಪು, ಅದಕ್ಕೆ ನುಡಿಸಿದ ಹೇಯ್ಸ್‌ನೂ ಕಪ್ಪು. 'ಚೋಮನ ದುಡಿ' ಬರೆದವರು, ತೆಗೆದವರು ಆ ಕೇರಿಯವರಲ್ಲ. ಸಿನಿಮಾದ ಮೇಲಿನ ಗೌರವ ಇದರಿಂದ ಕಡಿಮೆ ಆಗೋದಿಲ್ಲ. ಆದರೂ ಚೋಮ ಅಲ್ಲಿ ಬಡಿದು ಬಡಿದು ಸಾಯ್ತಾನೆ, ಶಾಫ್ಟ್ ನಡೆದುಕೊಂಡು ಹೋಗ್ತಾನೆ. ಕಥೆ ಯಾರ ಕೈಯಲ್ಲಿದೆ ಅನ್ನೋದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನಮ್ಮ ಅನಿಸಿಕೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೀರಿ.

ಶಾರ್ಟ್ ಫಿಲ್ಮ್ ಮಾಡುವವರಿಗೆ ಇನ್ನೊಂದು ವಿಷಯ. ಚಾರ್ಲ್ಸ್ ಬರ್ನೆಟ್ ವಿದ್ಯಾರ್ಥಿಯಾಗಿದ್ದಾಗ ಲಾಸ್ ಏಂಜಲೀಸಿನಲ್ಲಿ ವಾರಾಂತ್ಯಗಳಲ್ಲಿ ಶೂಟ್ ಮಾಡಿ 'ಕಿಲ್ಲರ್ ಆಫ್ ಶೀಪ್' ತೆಗೆದ. ಖರ್ಚು 10,000 ಡಾಲರಿಗಿಂತ ಕಡಿಮೆ. ಒಳಗೆಲ್ಲಾ ಅದ್ಭುತವಾದ ಹಳೆಯ ಬ್ಲೂಸ್, ಜಾಝ್ ಹಾಡುಗಳು. ಆ ಹಾಡುಗಳ ಹಕ್ಕು ಕೊಳ್ಳೋಕೆ ಸಿನಿಮಾದ ಖರ್ಚಿನ ಎಷ್ಟೋ ಪಟ್ಟು ಹಣ ಬೇಕಿತ್ತು, ಹೀಗಾಗಿ ಥಿಯೇಟರಿಗೆ ಬಂದದ್ದು 2007ರಲ್ಲಿ. ನೀವು ನೆಟ್‌ನಿಂದ ಬಿಜಿಎಂ ಎತ್ತುವ ಬದಲು ಹಲಗಿ ಮೇಳದವರನ್ನು ಕರೆದು ರೆಕಾರ್ಡ್ ಮಾಡ್ಕೊಳ್ರಿ. ರೇಟು ಅವರೇ ಹೇಳಲಿ, ಟೈಟಲ್‌ನಲ್ಲಿ 'ಸಂಗೀತ' ಅನ್ನೋ ಕಡೆ ಅವರ ಹೆಸರೇ ಹಾಕ್ರಿ.