ಮಾಟುಂಗಾದ ದುಂಡು ಬಾಲ್ಕನಿಗಳು

ದೋಹಾದಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಕೆಲವರಿಗೆ 'ಅಜ್ಜಿ ಮನೆ' ಎಂದರೆ ಉಡುಪಿಯೂ ಅಲ್ಲ, ಮೈಸೂರೂ ಅಲ್ಲ, ಮುಂಬಯಿಯ ಮಾಟುಂಗಾ. ಮೂರು ಮಹಡಿಯ ಹಳೆಯ ಕಟ್ಟಡ, ಲಿಫ್ಟ್ ಇಲ್ಲ, ಮೊಸಾಯಿಕ್ ನೆಲ, ಮೂಲೆಯಲ್ಲಿ ದುಂಡಗೆ ತಿರುಗುವ ಬಾಲ್ಕನಿ. ಆ ಕಟ್ಟಡಕ್ಕೆ ಒಂದು ಶೈಲಿಯ ಹೆಸರಿದೆ ಎಂದು ನಿಮಗೆ ಯಾರಾದರೂ ಹೇಳಿದ್ದಾರೆಯೇ? ಅದು ಆರ್ಟ್ ಡೆಕೋ.

1925ರಲ್ಲಿ ಪ್ಯಾರಿಸ್‌ನಲ್ಲಿ ಅಲಂಕಾರ ಕಲೆಗಳ ದೊಡ್ಡ ಪ್ರದರ್ಶನವೊಂದು ನಡೆಯಿತು. ಈ ಹೆಸರಿನ ಮೂಲ ಅಲ್ಲಿದೆ; ಆದರೆ ಹೆಸರು ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಆಗ ಹಡಗು, ವಿಮಾನ, ಮೋಟಾರು ಕಾರುಗಳೆಂದರೆ ಹೊಸ ಕಾಲದ ಗುರುತು. ಕಟ್ಟಡಗಳೂ ಹಾಗೇ ಕಾಣಬೇಕೆಂಬ ಆಸೆ ಹುಟ್ಟಿತು. ಗೋಡೆಯ ಮೇಲೆ ಉದ್ದುದ್ದ ಅಡ್ಡಗೆರೆ, ಹಡಗಿನ ಕಿಟಕಿಯಂಥ ದುಂಡು ಕಿಂಡಿ, ಕಿಟಕಿಯ ಮೇಲೆ ಹುಬ್ಬಿನಂತೆ ಚಾಚಿದ ಸಜ್ಜ, ಗ್ರಿಲ್‌ನಲ್ಲಿ ಉದಯಿಸುವ ಸೂರ್ಯ, ನೆತ್ತಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಗೋಪುರ. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಬಂದಿದ್ದರಿಂದಲೇ ಇವೆಲ್ಲ ಸಾಧ್ಯವಾಯಿತು.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಊರನ್ನು ಬಿಡಿಸಿ ಕಟ್ಟಲೆಂದು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದು ದಾದರ್, ಮಾಟುಂಗಾ ಕಡೆ ಅಗಲ ರಸ್ತೆ, ಮರ, ಉದ್ಯಾನಗಳಿರುವ ಬಡಾವಣೆಗಳನ್ನು ಯೋಜಿಸಿತು. ಅಲ್ಲಿ 1930, 40ರ ದಶಕಗಳಲ್ಲಿ ಎದ್ದ ಬಾಡಿಗೆ ಮನೆಗಳಿಗೆ ದಕ್ಷಿಣದಿಂದ ಬಂದ ಗುಮಾಸ್ತರು, ಮೇಷ್ಟರುಗಳು, ಹೋಟೆಲಿನವರು ಸೇರಿಕೊಂಡರು. ಮೈಸೂರು ಅಸೋಸಿಯೇಶನ್ ಶುರುವಾದದ್ದು 1926ರಲ್ಲಿ. ರಾಮ ನಾಯಕರ ಉಡುಪಿ ಊಟದ ಮನೆ 1942ರದು. ಹಳ್ಳಿಯ ಜಗಲಿ ಬಿಟ್ಟು ಬಂದವರಿಗೆ ಆ ದುಂಡು ಬಾಲ್ಕನಿಯೇ ಜಗಲಿ. ನನ್ನ ದೊಡ್ಡಮ್ಮ ಅಲ್ಲೇ ಹಪ್ಪಳ ಒಣಗಿಸುತ್ತಿದ್ದರು, ಅಲ್ಲಿಂದಲೇ ತರಕಾರಿಯವನ ಹತ್ತಿರ ಚೌಕಾಸಿ ಮಾಡುತ್ತಿದ್ದರು.

ಹಾಗಾದರೆ ಈ ಮನೆಗಳು ಹಾಳಾದದ್ದು ಏಕೆ? ಮೊದಲ ಕಾರಣ ಬಾಡಿಗೆ. 1947ರ ಬಾಡಿಗೆ ನಿಯಂತ್ರಣ ಕಾಯಿದೆ 1940ರ ಬಾಡಿಗೆಯನ್ನೇ ಆಧಾರವಾಗಿಟ್ಟು ಅದನ್ನು ಬಹುಮಟ್ಟಿಗೆ ಅಲ್ಲೇ ನಿಲ್ಲಿಸಿತು. ಬಡ ಬಾಡಿಗೆದಾರರ ತಲೆಯ ಮೇಲಿನ ಸೂರು ಉಳಿಯಿತು, ಅದು ಸಣ್ಣ ಮಾತಲ್ಲ. ಆದರೆ ದಶಕಗಳು ಕಳೆದಂತೆ ಒಂದು ತಿಂಗಳ ಬಾಡಿಗೆ ಎರಡು ಪ್ಲೇಟ್ ದೋಸೆಗೂ ಸಾಲದಾಯಿತು. ಮಾಲೀಕರು ರಿಪೇರಿ ಮಾಡಿಸಲಿಲ್ಲ. ಮನೆ ತನ್ನದಲ್ಲವೆಂದು ಬಾಡಿಗೆದಾರರೂ ಕೈಹಾಕಲಿಲ್ಲ.

ಎರಡನೆಯದು ಕಡಲ ಗಾಳಿ. ಉಪ್ಪು, ತೇವ ಎರಡೂ ಕಾಂಕ್ರೀಟಿನೊಳಗೆ ಇಳಿದು ಸರಳಿಗೆ ತುಕ್ಕು ಹಿಡಿಸುತ್ತವೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಉಬ್ಬಿದಾಗ ಸಿಮೆಂಟು ಸೀಳಿ ಉದುರುತ್ತದೆ. ಹೊರಗೆ ಚಾಚಿದ ಬಾಲ್ಕನಿ, ಸಜ್ಜಗಳಿಗೇ ಮೊದಲ ಪೆಟ್ಟು. ಅಂದರೆ ಕಟ್ಟಡಕ್ಕೆ ಚಂದ ಕೊಟ್ಟ ಭಾಗವೇ ಮೊದಲು ಸೋಲುತ್ತದೆ.

ಮೂರನೆಯದು ಜಾಗದ ಬೆಲೆ. ಹಳೆಯದನ್ನು ಕೆಡವಿ ಗಗನಚುಂಬಿ ಕಟ್ಟಿದರೆ ಬಿಲ್ಡರ್‌ಗೆ ಲಾಭ, ಬಾಡಿಗೆದಾರರಿಗೆ ಸ್ವಂತ ಫ್ಲಾಟ್. 2018ರಲ್ಲಿ ಯುನೆಸ್ಕೋ ಮುಂಬಯಿಯ ಆರ್ಟ್ ಡೆಕೋ ಕಟ್ಟಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ನಿಜ. ಆದರೆ ಅದು ಓವಲ್ ಮೈದಾನ, ಮರೀನ್ ಡ್ರೈವ್ ಸುತ್ತಿನದು. ಮಾಟುಂಗಾ ಅದರೊಳಗಿಲ್ಲ.

ನಮ್ಮ ದೊಡ್ಡಮ್ಮನ ಮುಂದೆಯೂ ಈಗ ಆ ಒಪ್ಪಿಗೆ ಪತ್ರ ಇದೆ. ಎಂಬತ್ತು ದಾಟಿದ, ಮಂಡಿನೋವಿನ ಹೆಂಗಸು ದಿನಾ ಮೂರು ಮಹಡಿ ಹತ್ತಬೇಕು. ಅವರು ಸಹಿ ಹಾಕಿದರೆ 'ಅಯ್ಯೋ ಪರಂಪರೆ' ಎಂದು ಇಲ್ಲಿ ಎಸಿಯಲ್ಲಿ ಕೂತು ಬೈಯುವ ಹಕ್ಕು ನನಗಿಲ್ಲ, ನಿಮಗೂ ಇಲ್ಲ. ಸಾಧ್ಯವಿದ್ದ ಕಡೆ ರಿಪೇರಿ ಮಾಡಿ ಉಳಿಸಬೇಕು. ಆಗದ ಕಡೆ ಕೊನೇಪಕ್ಷ ಅದರ ನೆನಪನ್ನು ದಾಖಲಿಸಬೇಕು.

ಇದು ನಮ್ಮ ದೋಹಾದ್ದೂ ಕತೆ. ಇವತ್ತು ನೀವು ಟ್ರಾಮ್ ಹತ್ತುವ ಮುಶೈರಿಬ್‌ನಲ್ಲಿ ಹಿಂದೆ ನಮ್ಮಂಥ ವಲಸಿಗರು ತುಂಬಿದ್ದ ಹಳೆಯ ಫ್ಲಾಟುಗಳಿದ್ದವು. ಸುಮಾರು 31 ಹೆಕ್ಟೇರ್ ಜಾಗ ಹೊಸದಾಯಿತು. ನಾಲ್ಕು ಐತಿಹಾಸಿಕ ಮನೆಗಳು ಮ್ಯೂಸಿಯಂ ಆಗಿ ಉಳಿದವು, ಅದು ಸಂತೋಷ. ಬಾಡಿಗೆಯವರ ಫ್ಲಾಟುಗಳು ಮಾತ್ರ ಅಲ್ಲಿದ್ದವರ ನೆನಪಿನಲ್ಲಷ್ಟೇ ಇವೆ.

ಈ ಬೇಸಿಗೆ ರಜೆಯಲ್ಲಿ ಮುಂಬಯಿಗೆ ಹೋದರೆ ಫೋನಿನಲ್ಲಿ ಗ್ರಿಲ್, ಮೆಟ್ಟಿಲ ಕೈಪಿಡಿ, ಕಟ್ಟಡದ ಹೆಸರಿನ ಅಕ್ಷರ, ಇವುಗಳ ಚಿತ್ರ ತೆಗೆಯಿರಿ. ಆಮೇಲೆ ಅಜ್ಜಿಯನ್ನು ಕೂರಿಸಿ ಕೇಳಿ: ಮೊದಲ ಬಾಡಿಗೆ ಎಷ್ಟು, ಪಕ್ಕದ ಮನೆಯಲ್ಲಿ ಯಾರಿದ್ದರು, ನೀರು ಎಷ್ಟು ಹೊತ್ತಿಗೆ ಬರುತ್ತಿತ್ತು? ಅವರ ದನಿಯಲ್ಲೇ ರೆಕಾರ್ಡ್ ಮಾಡಿ ನಮ್ಮ ರೇಡಿಯೋಗೆ ಕಳಿಸಿ. ಕನ್ನಡದಲ್ಲೇ ಕೇಳಿ; ಆ ಮನೆಯ ಕತೆಗಳು ಇರುವುದು ಅದೇ ಭಾಷೆಯಲ್ಲಿ.