ಸೈಟಿನ ಕೆಳಗಿನ ಕಾಲುವೆ

ಬೆಂಗಳೂರಿನ ಸುತ್ತಮುತ್ತಲ ಹಳೆಯ ಕ್ರಯಪತ್ರಗಳ ಚಕ್ಕುಬಂದಿ ಓದಿದರೆ ‘ಪಶ್ಚಿಮಕ್ಕೆ ಹಳ್ಳ’, ‘ದಕ್ಷಿಣಕ್ಕೆ ರಾಜಕಾಲುವೆ’ ಎಂಬ ಮಾತು ಆಗಾಗ ಸಿಗುತ್ತದೆ. ಅದೇ ಜಮೀನು ಬಡಾವಣೆಯಾಗಿ, ಮೂವತ್ತು-ನಲವತ್ತರ ಸೈಟುಗಳಾಗಿ ಕೈ ಬದಲಾಗುವ ಹೊತ್ತಿಗೆ ಹಳ್ಳವಿದ್ದ ಜಾಗದಲ್ಲಿ ‘ಪಕ್ಕದ ಸೈಟು’ ಬಂದಿರುತ್ತದೆ. ಹಳ್ಳ ಮಾತ್ರ ಬಹಳ ಕಡೆ ಎಲ್ಲಿಗೂ ಹೋಗಿಲ್ಲ. ಹ್ಯೂಮ್ ಪೈಪಿನೊಳಗೆ ಸೇರಿ, ಮೇಲೆ ಮಣ್ಣು ಹೊದ್ದು, ಯಾರದೋ ಕಾರ್ ಶೆಡ್ಡಿನಡಿ ಹರಿಯುತ್ತಿದೆ. ಮಳೆ ಜೋರಾದ ವರ್ಷ ಅದು ಮೊದಲು ಮನೆಯೊಳಗೆ ಬರುತ್ತದೆ, ಆಮೇಲೆ ಕೋರ್ಟಿಗೆ.

ಮಳೆನೀರಿನ ವ್ಯಾಜ್ಯ ಬಹಳ ಹಳೆಯದು. ಪಕ್ಕದವನು ಕಟ್ಟಿದ ಕಟ್ಟೆಯಿಂದಲೋ ತೋಡಿದ ಕಾಲುವೆಯಿಂದಲೋ ಮಳೆನೀರು ತನ್ನ ಹೊಲಕ್ಕೆ ನುಗ್ಗುತ್ತಿದೆ ಎಂದು ದಾವೆ ಹೂಡಲು ರೋಮನ್ನರ ಕಾನೂನಿನಲ್ಲಿ ದಾರಿಯಿತ್ತು. ತಾನಾಗಿ ಇಳಿಜಾರಿಗೆ ಹರಿದು ಬರುವ ನೀರಿಗೆ ತಕರಾರು ಎತ್ತುವಂತಿರಲಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕ ಕೌಟಿಲ್ಯನ ‘ಅರ್ಥಶಾಸ್ತ್ರ’ ಇನ್ನೂ ಖಂಡಿತವಾಗಿ ಮಾತಾಡುತ್ತದೆ: ಪ್ರತಿ ಮನೆಯ ನೀರೂ ಸಾಕಷ್ಟು ಇಳಿಜಾರಿನ ಕಾಲುವೆಯಲ್ಲಿ ಹೊರಗೆ ಹೋಗಬೇಕು, ತಪ್ಪಿದರೆ 54 ಪಣ ದಂಡ. ನಮ್ಮ ನಗರಗಳಲ್ಲಿ ಅದನ್ನು ವಸೂಲಿ ಮಾಡಿದ್ದರೆ ಬೊಕ್ಕಸ ತುಂಬುತ್ತಿತ್ತು.

1882ರ ಈಸ್‌ಮೆಂಟ್ ಕಾಯ್ದೆಯೂ ಹೆಚ್ಚುಕಡಿಮೆ ಇದೇ ನೆಲೆಯಲ್ಲಿ ನಿಂತಿದೆ. ಮೇಲಿನ ಜಮೀನಿನಲ್ಲಿ ಬಿದ್ದ ಮಳೆ ಸಹಜವಾಗಿ ಕೆಳಗಿನ ಜಮೀನಿಗೆ ಹರಿದರೆ ಕೆಳಗಿನವನು ತಡೆಯುವಂತಿಲ್ಲ. ಈ ‘ಸಹಜವಾಗಿ’ ಎಂಬಲ್ಲೇ ಇಂದಿನ ಜಗಳದ ಬೇರು ಇದೆ. ಹತ್ತು ಎಕರೆ ರಾಗಿ ಹೊಲದ ನೀರು ನಿಧಾನವಾಗಿ ಇಂಗುತ್ತ ಇಳಿಯುತ್ತದೆ. ಅದೇ ಹತ್ತು ಎಕರೆಗೆ ಕಾಂಕ್ರೀಟು ಹಾಸಿ, ನೀರನ್ನೆಲ್ಲ ಒಂದು ಪೈಪಿಗೆ ತುಂಬಿ ಕೆಳಗಿನವನ ಬೇಲಿಗೆ ಬಿಟ್ಟರೆ ಅದನ್ನು ಸಹಜ ಎನ್ನಲು ವಕೀಲರಿಗೂ ಕಷ್ಟ.

ಖಾಸಗಿ ಜಾಗದಡಿ ಕೊಳವೆ ಹಾಯಿಸುವ ಅಧಿಕಾರ ಬಂದದ್ದು ಇನ್ನೊಂದು ದಾರಿಯಿಂದ. ಇಂಗ್ಲೆಂಡಿನ 1875ರ ಸಾರ್ವಜನಿಕ ಆರೋಗ್ಯ ಕಾಯ್ದೆ, ಮಾಲೀಕನಿಗೆ ಲಿಖಿತ ನೋಟಿಸು ಕೊಟ್ಟು ಅವನ ಜಮೀನಿನೊಳಗೆ ಚರಂಡಿ ಒಯ್ಯಬಹುದೆಂದಿತು. ಮುಂಬೈ ಪಾಲಿಕೆಗೆ 1888ರ ಕಾಯ್ದೆಯಲ್ಲಿ ಅಂಥದೇ ಅಧಿಕಾರ ಸಿಕ್ಕಿತು. ಪೈಪಿನದೂ ಒಂದು ಕಥೆಯಿದೆ. ಅಚ್ಚನ್ನು ಗರಗರ ತಿರುಗಿಸಿ ಕಾಂಕ್ರೀಟ್ ಕೊಳವೆ ಮಾಡುವ ಉಪಾಯವನ್ನು ಆಸ್ಟ್ರೇಲಿಯಾದ ವಾಲ್ಟರ್ ಹ್ಯೂಮ್ 1910ರಲ್ಲಿ ಕಂಡುಹಿಡಿದ. 1926ರಲ್ಲಿ ಭಾರತದಲ್ಲೂ ಅದರ ಕಂಪನಿ ಶುರುವಾಯಿತು. ತೆರೆದ ಹಳ್ಳವನ್ನು ಒಂದೇ ವಾರದಲ್ಲಿ ಕಣ್ಣಿಂದ ಮರೆಮಾಡುವುದು ಅಲ್ಲಿಂದ ಸುಲಭವಾಯಿತು.

ಬೆಂಗಳೂರು ದಿಣ್ಣೆಯ ಮೇಲಿನ ಊರು. ವೃಷಭಾವತಿ, ಕೋರಮಂಗಲ, ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಲ್ಲಿ ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಇಳಿಯಲು ಇದ್ದ ದಾರಿಯೇ ರಾಜಕಾಲುವೆ. ಸರ್ವೆಯವರು ಅದನ್ನು ಗ್ರಾಮನಕ್ಷೆಯಲ್ಲಿ ಗೆರೆ ಎಳೆದು ತೋರಿಸಿದರು. ಜಮೀನಿನ ನಡುವೆ ಹಾದರೆ ಅಷ್ಟು ನೆಲವನ್ನು ಖರಾಬು ಎಂದು ತೆಗೆದಿಟ್ಟರು. ಅದರಲ್ಲೂ ‘ಬಿ ಖರಾಬು’ ಎಂದರೆ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. 1964ರ ಭೂಕಂದಾಯ ಕಾಯ್ದೆಯ 67ನೇ ಕಲಮು ಇದಕ್ಕೆ ಗಟ್ಟಿ ಮುದ್ರೆ ಒತ್ತಿತು: ಬೇರೆಯವರ ಹಕ್ಕು ಸಾಬೀತಾಗದ ಹೊರತು ಹಳ್ಳ, ನಾಲೆ, ಕೆರೆ, ನೀರು ಹರಿಯುವ ದಾರಿ ಎಲ್ಲವೂ ಸರ್ಕಾರದ ಸ್ವತ್ತು.

ಕಾಗದದಲ್ಲಿ ಇಷ್ಟು ಸ್ಪಷ್ಟವಿದ್ದೂ ಜಗಳ ಬೆಳೆದದ್ದೇಕೆ? ನನ್ನ ಮಟ್ಟಿಗೆ ಉತ್ತರ ಪೈಪಿನಲ್ಲೇ ಇದೆ. ತೆರೆದ ಕಾಲುವೆ ತನಗೆ ತಾನೇ ಸಾಕ್ಷಿ. ಸೈಟು ನೋಡಲು ಬಂದವರಿಗೆ ಕಾಣುತ್ತದೆ, ನಾರುತ್ತದೆ ಕೂಡ. ಹೂತ ಪೈಪಿಗೆ ಸಾಕ್ಷಿ ಇಲ್ಲ. ಅದು ಮೂರು ಬಗೆಯದಾಗಿರಬಹುದು: ಸರ್ಕಾರಿ ಹಳ್ಳವನ್ನೇ ಮುಚ್ಚಿದ್ದು, ಪಾಲಿಕೆ ಅಧಿಕಾರದಿಂದ ಹಾಕಿದ್ದು, ಇಲ್ಲವೇ ಲೇಔಟ್ ಮಾಡಿದವನು ತನ್ನ ಅನುಕೂಲಕ್ಕೆ ಹೂತದ್ದು. ಮೊದಲನೆಯದಾದರೆ ಮನೆಯವರೇ ಒತ್ತುವರಿದಾರರು. ಎರಡನೆಯದಾದರೆ ಪಾಲಿಕೆ ನೋಟಿಸು, ಪರಿಹಾರದ ಲೆಕ್ಕ ಕೊಡಬೇಕು. ಮೂರನೆಯದರಲ್ಲಿ ಹೂಳು ತೆಗೆಯುವುದು ಯಾರು ಎಂಬಲ್ಲಿಂದಲೇ ತಗಾದೆ ಶುರು. ಹೊರಗಿನಿಂದ ನೋಡಿದರೆ ಮೂರೂ ಒಂದೇ ಸಿಮೆಂಟು ಕೊಳವೆ.

ಎಷ್ಟು ಕಾಲುವೆ ಹೀಗೆ ಮಾಯವಾಯಿತು ಎಂಬ ಅಂದಾಜನ್ನು ಮಹಾಲೇಖಪಾಲರ 2021ರ ವರದಿ ಕೊಟ್ಟಿದೆ. ಕಳೆದ ಶತಮಾನದ ಆರಂಭದಲ್ಲಿ ವೃಷಭಾವತಿ ಕಣಿವೆಯಲ್ಲಿ ಸುಮಾರು 226 ಕಿ.ಮೀ. ಇದ್ದದ್ದು 111ಕ್ಕೆ ಇಳಿದಿದೆ. ಕೋರಮಂಗಲದಲ್ಲಿ 113 ಇದ್ದದ್ದು 63ಕ್ಕೆ.

ಕಾಲುವೆಯ ಪಕ್ಕ ಎಷ್ಟು ಜಾಗ ಬಿಡಬೇಕೆಂಬುದೂ ಒಂದೇ ಕಡೆ ನಿಲ್ಲಲಿಲ್ಲ. 2007ರಲ್ಲಿ ಜಾರಿಯಾದ ನಗರ ಯೋಜನೆ ಮೂರು ದರ್ಜೆಯ ಕಾಲುವೆಗಳಿಗೆ 50, 25, 15 ಮೀಟರ್ ಎಂದಿತು. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 50, 35, 25 ಮಾಡಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಶಾಸನದಡಿ ಆದ ಯೋಜನೆಯನ್ನು ತಿದ್ದುವ ಅಧಿಕಾರ ಮಂಡಳಿಗಿಲ್ಲವೆಂದು ಆ ಭಾಗವನ್ನು ತಳ್ಳಿಹಾಕಿತು. ಈ ನಡುವಿನ ಮೂರು ವರ್ಷದಲ್ಲಿ ಪ್ಲಾನು ಮಂಜೂರಾತಿಗೆ ಅಲೆದವರ ಪಾಡು ಬೇರೆಯೇ ಒಂದು ಲೇಖನವಾದೀತು.

2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಯಮಲೂರು ಕಡೆಯ ವಿಲ್ಲಾಗಳು ಮುಳುಗಿ, ಸಾಫ್ಟ್‌ವೇರಿನವರು ಟ್ರಾಕ್ಟರ್ ಹತ್ತಿ ಕಚೇರಿಗೆ ಹೋದರು. ಬೆನ್ನಿಗೇ ಜೆಸಿಬಿಗಳು ಹೊರಟವು, ತಡೆಯಾಜ್ಞೆಗಳೂ ಹೊರಟವು. ಸಾಲ ಮಾಡಿ ಸೈಟು ಕೊಂಡವರ ವಾದವನ್ನು ಸುಳ್ಳೆನ್ನಲಾಗದು: ಖಾತೆ ಕೊಟ್ಟಿದ್ದೀರಿ, ತೆರಿಗೆ ಕಟ್ಟಿಸಿಕೊಂಡಿದ್ದೀರಿ, ಈಗ ಹಳ್ಳ ಎನ್ನುತ್ತೀರಿ. ಆದರೆ ಖಾತೆ ತೆರಿಗೆಯ ಲೆಕ್ಕಕ್ಕೆ ಇರುವುದು, ಅದರಿಂದ ಹಕ್ಕು ಹುಟ್ಟುವುದಿಲ್ಲ. ಆ ಮಾತನ್ನು ಸೈಟು ಮಾರುವಾಗ ಹೇಳಿದವರು ಕಡಿಮೆ.

ಕೊನೆಗೆ ಎಲ್ಲ ಕಡತವೂ ಸರ್ವೆಯರ್ ಮೇಜಿಗೇ ಮರಳುತ್ತದೆ. ಹಳೆಯ ಅಳತೆ 33 ಅಡಿಯ ಸರಪಳಿಯದು, ಅದಕ್ಕೆ 16 ಆಣೆ. ಒಂದು ಆಣೆ ಆಚೀಚೆಯಾದರೆ ಎರಡು ಅಡಿ ಆಚೀಚೆ. ಹೊಲದಲ್ಲಿ ಅದು ಬದುವಿನಗಲವೂ ಅಲ್ಲ. ಮೂವತ್ತು ಅಡಿ ಅಗಲದ ಸೈಟಿನಲ್ಲಿ ಅದು ಬೆಡ್‌ರೂಮಿನ ಗೋಡೆ, ಎರಡೂ ಕಡೆಯ ವಕೀಲರಿಗೆ ಕೆಲವು ವರ್ಷಗಳ ಕೆಲಸ.